ಕುರಿ ಸುಡುವವನ ಆಮೆನ್

ಒಂದು ಇಡೀ ಕುರಿಗೆ ಎರಡು ಸಾವಿರದ ನಾನೂರು ರ‍್ಯಾಂಡ್. ನೂರು ಜನ ಉಣ್ಣುವ ಮದುವೆಗೆ ಮೂರು ಕುರಿ ಬೇಕು. ಮುಳ್ಳುಜಾಲಿಯ ಕಟ್ಟಿಗೆ ಒಂದು ಗಾಡಿಗೆ ಒಂಬೈನೂರು. ಉಪ್ಪು, ನಿಂಬೆ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಎಲ್ಲ ಸೇರಿ ಇನ್ನೂರು ದಾಟದು. ಇಸಾಕ್ ಹಾರ್ಟ್ನಿಕ್ ತಲೆಗೆ ನೂರ ನಲವತ್ತರಂತೆ ಹಿಡಿಯುತ್ತಿದ್ದ. ಕೋಳಿ ಕೂಗುವ ಹೊತ್ತಿಗೆ ಎದ್ದು ಬೆಂಕಿ ಹಾಕುವುದಕ್ಕೂ, ಕುರಿಯನ್ನು ಸಲಾಕಿಗೆ ಕಟ್ಟಿ ಆರು ತಾಸು ಕೆಂಡದ ಮೇಲೆ ತಿರುಗಿಸುವುದಕ್ಕೂ, ಹೊಗೆಗೆ ಕಣ್ಣು ಕೊಡುವುದಕ್ಕೂ ಕೂಲಿ ಅದರಲ್ಲೇ ಬಂತು. ಊಟಕ್ಕೆ ಮೊದಲು ಹೇಳುವ ಪ್ರಾರ್ಥನೆಗೆ ಮಾತ್ರ ದುಡ್ಡಿಲ್ಲ.

ಆ ಪ್ರಾರ್ಥನೆ ಅವನ ಹೆಂಡತಿ ಕತ್ರೀನಾಳದು. ದಕ್ಷಿಣ ಆಫ್ರಿಕಾದ ವಿಟ್‌ಕ್ರಾನ್ಸ್ ಊರಿನಲ್ಲಿ, ಸುತ್ತಲ ಕಾರೂ ಬಯಲಿನ ಯಾವ ಊರಿನಲ್ಲೇ ಆಗಲಿ, ಪ್ರಾರ್ಥನೆಯಿಲ್ಲದೆ ಯಾರೂ ತುತ್ತು ಎತ್ತುವುದಿಲ್ಲ; ದೇವರನ್ನು ನಂಬದವನೂ ಕೈಕಟ್ಟಿ ಕಾಯುತ್ತಾನೆ. ಮದುವೆಗಳಲ್ಲಿ ಅದನ್ನು ಪಾಸ್ಟರ್ ಹೇಳಬೇಕು. ಆದರೆ ಪಾಸ್ಟರ್ ಚರ್ಚಿನ ಕೆಲಸ ಮುಗಿದ ಕೂಡಲೇ ಮುಂದಿನ ಮದುವೆಗೆ ಓಡಿರುತ್ತಿದ್ದರು. ಒಮ್ಮೆ ಹಾಗೆಯೇ ಜನ ಕಾಯುತ್ತ ನಿಂತಿದ್ದಾಗ, ಆಲೂಗಡ್ಡೆ ಸಲಾಡಿನ ಪಾತ್ರೆ ಹಿಡಿದುಕೊಂಡೇ ಕತ್ರೀನಾ ನಾಲ್ಕು ಮಾತು ಹೇಳಿಬಿಟ್ಟಳು: "ಅಪ್ಪಾ, ಈ ಕುರಿ ಜೀವ ಕೊಡ್ತು, ಮರ ಕಟ್ಟಿಗೆ ಕೊಡ್ತು. ಇವರಿಬ್ಬರೂ ಒಬ್ಬರಿಗೊಬ್ಬರು ಏನು ಕೊಡಬೇಕೋ ಅದನ್ನ ಕೊಡೋ ಬುದ್ಧಿ ಕೊಡು. ಈ ಮೇಜಿನ ಮೇಲೆ ಯಾರ ತಟ್ಟೆಯೂ ಒಂಟಿ ಆಗದೆ ಇರ್ಲಿ. ಆಮೆನ್." ಅಂದಿನಿಂದ ಜನ ಅದನ್ನೇ ಕೇಳತೊಡಗಿದರು. ಮಾಂಸ ಇಸಾಕನದು, ಮಾತು ಕತ್ರೀನಾಳದು ಎಂದು ಊರಿಗೆ ಊರೇ ಹೇಳುತ್ತಿತ್ತು.

ಅವಳು ತೀರಿಕೊಂಡು ಎರಡು ವರ್ಷ. ಸಲಾಡು ಮಾಡುವುದನ್ನು ಇಸಾಕ್ ಕಲಿಯಲಿಲ್ಲ. ಪ್ರಾರ್ಥನೆಯನ್ನು ಮಾತ್ರ ಒಂದು ಅಕ್ಷರ ಬಿಡದೆ ಇಟ್ಟುಕೊಂಡ. ಮಧ್ಯದಲ್ಲಿ ವಧುವರರ ಹೆಸರು ಸೇರಿಸುತ್ತಿದ್ದ, ಅಷ್ಟೇ. ಮನೆಯಲ್ಲಿ ಅವನು ಸಿಂಕಿನ ಪಕ್ಕ ನಿಂತುಕೊಂಡೇ ಉಣ್ಣುತ್ತಿದ್ದ. ಕುಳಿತರೆ ಎದುರಿನ ಕುರ್ಚಿ ಕಾಣುತ್ತಿತ್ತು. ವಾರದಲ್ಲಿ ಐದು ದಿನ ಅವನ ಬಾಯಿಂದ ಹೊರಡುತ್ತಿದ್ದದ್ದು ಅಂಗಡಿಯಲ್ಲಿ ಬ್ರೆಡ್ ಕೇಳುವ ಮಾತೊಂದೇ. ಶನಿವಾರ ಬಂದರೆ ಬೆಂಕಿಯ ಮುಂದೆ ನಿಂತು ಕತ್ರೀನಾಳ ಮಾತು ಹೇಳುತ್ತಿದ್ದ, ನೂರು ಜನ ಒಟ್ಟಿಗೆ ಆಮೆನ್ ಅನ್ನುತ್ತಿದ್ದರು. ಆ ಒಂದು ಗಳಿಗೆ ಅವಳು ಪಕ್ಕದಲ್ಲಿ ಪಾತ್ರೆ ಹಿಡಿದು ನಿಂತ ಹಾಗಿರುತ್ತಿತ್ತು. ಭಾನುವಾರ ಚರ್ಚಿನಲ್ಲಿ ಸಭಾಹಿರಿಯರ ಬೆಂಚು, ಕಪ್ಪು ಕೋಟು, ಬಿಳಿ ಟೈ. ಆ ಬೆಂಚಿನಲ್ಲಿ ಅವನು ಇಪ್ಪತ್ತೊಂದು ವರ್ಷ ಕುಳಿತಿದ್ದ. ಪಾಸ್ಟರ್ ಪ್ರಾರ್ಥನೆ ಮುಗಿಸಿದಾಗ ಮೊದಲ ಆಮೆನ್ ಹಿರಿಯರ ಬೆಂಚಿನಿಂದ ಏಳಬೇಕು, ಆಮೇಲೆ ಸಭೆ. ಇಸಾಕನ ಆಮೆನ್ ಎಂದರೆ ಹಿಂದಿನ ಸಾಲಿನಲ್ಲಿ ತೂಕಡಿಸುವವರಿಗೂ ಎಚ್ಚರವಾಗುವಂಥದ್ದು.

ಆಗಸ್ಟಿನಲ್ಲಿ ಒಂದು ಫೋನ್ ಬಂತು. ಗ್ಕೆಬೆರ್ಹಾ ಪಟ್ಟಣದ ಹುಡುಗಿ, ಹೆಸರು ನಂದೀಫಾ. ಅಕ್ಟೋಬರ್ ಮೂರನೇ ಶನಿವಾರ ಡೋರಿಂಗ್‌ರಸ್ ತೋಟದಲ್ಲಿ ಮದುವೆ, ತೊಂಬತ್ತು ಜನ, ಕುರಿ ಚೆನ್ನಾಗಿರಬೇಕು, ನಮ್ಮಜ್ಜಿ ತಣ್ಣಗಿನ ಕೋಳಿ ತಿನ್ನುವವಳಲ್ಲ ಎಂದಳು. ಇಸಾಕ್ ನಕ್ಕು, ಗೋಡೆಗೆ ಮೊಳೆ ಹೊಡೆದಿದ್ದ ರಟ್ಟಿನ ಮೇಲೆ ತಾರೀಕು ಬರೆದ. ಪ್ರಾರ್ಥನೆಗೆ ಹೆಸರು ಬೇಕಲ್ಲ, ಅದನ್ನೂ ಕೇಳಿದ.

"ನಂದೀಫಾ, ಲೀಆನ್," ಎಂದಳು.

"ಲೀಆನ್ ನಿನ್ನ ತಂಗಿಯೇನವ್ವಾ? ಹುಡುಗನ ಹೆಸರು ಹೇಳು."

"ಊಮ್, ಹುಡುಗ ಇಲ್ಲ. ಲೀಆನ್ ಮತ್ತು ನಾನೇ."

ಹಿರಿಯ ಗಂಡಸರನ್ನು ಆ ಕಡೆ ಊಮ್ ಎನ್ನುತ್ತಾರೆ, ನಮ್ಮಲ್ಲಿ ಮಾಮ ಅಂದ ಹಾಗೆ. ಆ ಮಾತಿನಲ್ಲಿ ಮರ್ಯಾದೆಯಿತ್ತು. ಇಸಾಕ್ ಪೆನ್ಸಿಲ್ ಹಿಡಿದುಕೊಂಡೇ ನಿಂತ. ಕೊನೆಗೆ, ಅದು ನನ್ನ ಕೈಲಾಗದು ಎಂದ. ಆ ದಿನ ಬೇರೆ ಕಡೆ ಕೆಲಸವಿದೆಯಾ ಎಂದು ಅವಳು ಕೇಳಿದಳು. ಇದೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಜಗತ್ತಿನಲ್ಲಿ ಎಷ್ಟೋ ಜಗಳ ಹಾಗೆಯೇ ಮುಗಿಯುತ್ತದೆ. ಇಸಾಕನಿಗೆ ಸುಳ್ಳು ಗೊತ್ತಿಲ್ಲವೆಂದಲ್ಲ. ಕುರಿಯ ವಯಸ್ಸಿನ ವಿಷಯದಲ್ಲಿ ಅವನೂ ಹೇಳಿದ್ದುಂಟು. ಆದರೆ ದೇವರ ಹೆಸರು ಬರುವ ಕಡೆ ಸುಳ್ಳು ಬೇಡವೆನಿಸಿತು.

"ಆ ದಿನ ಖಾಲಿ ಇದೀನಿ ಮಗಳೇ. ಆದ್ರೆ ನಾನು ಪ್ರಾರ್ಥನೆ ಮಾಡಿ ಕುರಿ ಕೊಯ್ಯೋನು. ಎರಡು ಹೆಣ್ಣಿನ ಹೆಸರು ಸೇರಿಸಿ ನನಗೆ ಪ್ರಾರ್ಥನೆ ಮಾಡೋಕೆ ಬರಲ್ಲ."

ಅವಳು ಸಿಟ್ಟಾಗಲಿಲ್ಲ. ಸರಿ ಊಮ್ ಎಂದು ಫೋನ್ ಇಟ್ಟಳು. ಸಿಟ್ಟಾಗಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಎರಡು ದಿನ ಬಿಟ್ಟು ಡೋರಿಂಗ್‌ರಸ್ ತೋಟದ ಒಡತಿ ಏಲ್ಸಬೆ ಬಂದಳು. ಅವನ ವರ್ಷದ ಕೆಲಸದಲ್ಲಿ ಮುಕ್ಕಾಲು ಪಾಲು ಅವಳ ತೋಟದ ಮದುವೆಗಳೇ. ಕಾರಿನಿಂದ ಇಳಿಯದೆಯೇ ಮಾತಾಡಿದಳು. ಯಾರಿಗೇ ಆಗಲಿ ಹೀಗೆ ಇಲ್ಲ ಅನ್ನುವಂತಿಲ್ಲ, ಕಾನೂನಿದೆ, ಅವಳ ತೋಟಕ್ಕೆ ಹೆಸರು ಕೆಡುತ್ತದೆ, ಒಪ್ಪದಿದ್ದರೆ ಅವಳ ಪಟ್ಟಿಯಿಂದ ಅವನ ಹೆಸರು ತೆಗೆಯಬೇಕಾಗುತ್ತದೆ. ನನ್ನ ನಂಬಿಕೆಗೂ ಕಾನೂನಿದೆಯಲ್ಲ ಎಂದು ಇಸಾಕ್ ಕೇಳಿದ. ಇದೆ, ಎರಡೂ ಒಂದೇ ಪುಸ್ತಕದಲ್ಲಿದೆ, ಅದಕ್ಕೇ ವಕೀಲರು ಬದುಕಿರುವುದು ಎಂದಳು ಏಲ್ಸಬೆ. ಮಾರನೇ ವಾರ, ನಂದೀಫಾ ಕೊಟ್ಟ ದೂರಿನ ಮೇಲೆ, ಸಮಾನತಾ ನ್ಯಾಯಾಲಯದ ಕಾಗದ ಬಂತು. ವಿಚಾರಣೆಗೆ ಮೊದಲು ಎರಡೂ ಕಡೆಯವರು ಕುಳಿತು ಮಾತಾಡಿ ನೋಡಬೇಕಂತೆ.

ಮಾತುಕತೆ ನಡೆದದ್ದು ಊರಿನ ಕೋರ್ಟಿನ ಹಿಂದಿನ ಕೋಣೆಯಲ್ಲಿ, ಟಿಕ್ ಟಿಕ್ ಅನ್ನುವ ಒಂದು ಹೀಟರಿನ ಸುತ್ತ. ನಡೆಸಿಕೊಟ್ಟವರು ಮಿಸ್ ಫೋರ್ಟಾಯ್ನ್ ಎಂಬ ಕೋರ್ಟಿನ ಅಧಿಕಾರಿ, ಕಂಬಳಿ ಹೊದ್ದ ದಪ್ಪ ಹೆಂಗಸು. ಚರ್ಚಿನಿಂದ ಜೊತೆಗೆ ಬರುತ್ತೇವೆ ಎಂದಿದ್ದ ಇಬ್ಬರಲ್ಲಿ ಒಬ್ಬರಿಗೂ ಬಿಡುವಾಗಿರಲಿಲ್ಲ. ಹಾಗಾಗಿ ಮೇಜಿನ ಒಂದು ಕಡೆ ನಂದೀಫಾ ಮತ್ತು ಲೀಆನ್, ಇನ್ನೊಂದು ಕಡೆ ಇಸಾಕ್ ಒಬ್ಬನೇ, ಮಡಿಲಲ್ಲಿ ಹ್ಯಾಟು.

ಮಿಸ್ ಫೋರ್ಟಾಯ್ನ್ ಕೇಳಿದ್ದೆಲ್ಲ ಸಂತೆಯ ಲೆಕ್ಕದ ಹಾಗಿತ್ತು. ಮಾಂಸಕ್ಕೆ ಎಷ್ಟು? ಪ್ರಾರ್ಥನೆಗೆ ಎಷ್ಟು? ಪ್ರಾರ್ಥನೆಗೆ ಏನೂ ಇಲ್ಲವೆಂದರೆ ನೀವು ಮಾರುವುದು ಮಾಂಸ ಮಾತ್ರ ಅಲ್ಲವೇ? ವಿಚ್ಛೇದನ ಆದವರ ಮದುವೆಯಲ್ಲಿ ಪ್ರಾರ್ಥಿಸಿದ್ದೀರಾ? ಹೌದು. ಮದುವೆಗೆ ಮುಂಚೆಯೇ ಮಗು ಆದವರಿಗೆ?

"ಅವರನ್ನ ಬಿಟ್ರೆ ನನಗೆ ಗಿರಾಕಿಗಳೇ ಉಳಿಯಲ್ಲ ಮೇಡಂ," ಎಂದ ಇಸಾಕ್.

ನಂದೀಫಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಲೀಆನ್ ನಗಲಿಲ್ಲ. ತೆಳ್ಳಗಿನ, ಕಣ್ಣಡಿ ಕಪ್ಪಾದ ಹುಡುಗಿ. ಮೊದಲ ಸಲ ಬಾಯಿ ತೆರೆದಳು.

"ಊಮ್, ನೀವಂದಿದ್ದು ನನಗೇನೂ ಹೊಸದಲ್ಲ. ನಮ್ಮಮ್ಮನೂ ಅದನ್ನೇ ಹೇಳಿ ಮದುವೆಗೆ ಬರಲ್ಲ ಅಂದಿದಾಳೆ. ನನಗೆ ಇಲ್ಲಿಗೆ ಬರೋದೇ ಇಷ್ಟ ಇರ್ಲಿಲ್ಲ."

"ನಿಮಗಿಂತ ಮುಂಚೆ ಐದು ಜನಕ್ಕೆ ಫೋನ್ ಮಾಡಿದ್ದೆ," ಎಂದಳು ನಂದೀಫಾ. "ಹುಡುಗನ ಹೆಸರು ಕೇಳಿದ ಮೇಲೆ ಐದೂ ಜನಕ್ಕೆ ಆ ದಿನ ಬೇರೆ ಕೆಲಸ ಬಂದ್ಬಿಡ್ತು. ನಿಜ ಹೇಳಿದ್ದು ನೀವೊಬ್ಬರೇ. ಅದಕ್ಕೇ ದೂರು ಕೊಡೋಕಾಗಿದ್ದೂ ನಿಮ್ಮೊಬ್ಬರ ಮೇಲೇ. ಬೇಜಾರು ಮಾಡ್ಕೋಬೇಡಿ ಊಮ್. ನನಗೆ ಕ್ಷಮಾಪಣೆ ಬೇಡ, ಕುರಿ ಬೇಕು."

ಕೊನೆಗೆ ಕಾಗದದ ಮೇಲೆ ಬಂದದ್ದು ಒಂದೇ ಸಾಲಿನ ಒಪ್ಪಂದ: ಇಸಾಕ್ ಹಾರ್ಟ್ನಿಕ್ ಎಲ್ಲ ಮದುವೆಗಳಿಗೂ ಒಂದೇ ರೀತಿಯ ಸೇವೆ ಕೊಡಬೇಕು. ಅಂದರೆ ಏನೆಂದು ಅವನು ಕೇಳಿದ. ಮಿಸ್ ಫೋರ್ಟಾಯ್ನ್ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಾರ್ಥನೆ ಹೇಳಿ ಎಂದು ನಾನಲ್ಲ, ಯಾರೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ ಎಂದರು. ಆದರೆ ಒಬ್ಬರ ಮದುವೆಯಲ್ಲಿ ಹೇಳಿ ಇನ್ನೊಬ್ಬರ ಮದುವೆಯಲ್ಲಿ ಬಾಯಿ ಮುಚ್ಚಿಕೊಂಡರೆ ಅದೇ ಭೇದ. ಎಲ್ಲರಿಗೂ ಹೇಳಿ, ಇಲ್ಲವೇ ಯಾರಿಗೂ ಬೇಡ.

ಇಸಾಕ್ ಹೀಟರಿನ ಕೆಂಪು ತಂತಿಯನ್ನು ನೋಡುತ್ತ ಕುಳಿತ. ಆಮೇಲೆ, ಯಾರಿಗೂ ಬೇಡ ಎಂದು ಸಹಿ ಹಾಕಿದ. ಏನು ಕೊಟ್ಟು ಬಂದೆ ಎಂಬುದು ಅವನಿಗೆ ಆಗ ಪೂರ್ತಿ ತಿಳಿದಿರಲಿಲ್ಲ.

ಅದು ತಿಳಿದದ್ದು ಸೆಪ್ಟೆಂಬರಿನ ಮೊದಲ ಶನಿವಾರ, ಹಂದಿ ಸಾಕುವವನೊಬ್ಬನ ಮಗಳ ಮದುವೆಯಲ್ಲಿ. ಚಾಕು ಮಸೆದು ನಿಂತ. ಜನ ತಟ್ಟೆ ಹಿಡಿದು ಅವನ ಮುಖ ನೋಡಿದರು. ಇನ್ನು ಮೇಲೆ ಪ್ರಾರ್ಥನೆ ಹೇಳುವುದಿಲ್ಲ, ನೀವೇ ಯಾರಾದರೂ ಹೇಳಿ ಎಂದ. ವಧುವಿನ ತಂದೆ ಮುಖ ಬಿಗಿದುಕೊಂಡು ಏನೋ ಗೊಣಗಿ ಮುಗಿಸಿದ. ಕತ್ರೀನಾಳ ಮಾತು ಬರಬೇಕಾದ ಜಾಗ ಹಾಗೆಯೇ ದಾಟಿಹೋಯಿತು. ಮೂರು ಕುರಿ ಕೊಯ್ದು ಹಂಚಿ, ಪಾತ್ರೆ ಗಾಡಿಗೆ ಹಾಕಿ, ಮನೆಗೆ ಬಂದ. ದಾರಿಯಲ್ಲಿ ಯಾರೋ ಗಾಡಿಯಿಂದ ಇಳಿದುಹೋದ ಹಾಗಿತ್ತು.

ಅಕ್ಟೋಬರ್ ಮೂರನೇ ಶನಿವಾರ ಗಾಳಿ ಇರಲಿಲ್ಲ. ಕೆಂಡ ಸಮನಾಗಿ ಹಿಡಿದಿತ್ತು, ಕುರಿಯ ಬೆನ್ನು ಜೇನಿನ ಬಣ್ಣಕ್ಕೆ ಬಂದಿತ್ತು. ದೂರದ ಪೇರಳೆ ಮರಗಳ ಕೆಳಗೆ ಮದುವೆ ನಡೆಯಿತು. ಇಸಾಕ್ ಆ ಕಡೆಗೆ ಬೆನ್ನು ಮಾಡಿಕೊಂಡಿದ್ದ. ಚಪ್ಪಾಳೆ ಕೇಳಿದಾಗ ಮುಗಿಯಿತೆಂದು ಗೊತ್ತಾಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಬಂದಿದ್ದ ದೀನಾ, ಅವನ ಚರ್ಚಿನ ಗಾಯಕಿಯೇ, ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ಯಾರ ಮದುವೆಯಾದರೂ ಅಳುವವಳು.

ಏಲ್ಸಬೆ ಊಟದ ಗಂಟೆ ಬಾರಿಸಿದಳು. ಯಾರೂ ಬರಲಿಲ್ಲ. ಇಸಾಕ್ ಚಾಕು ಹಿಡಿದು ನೋಡಿದ. ತೊಂಬತ್ತು ಜನ ತಮ್ಮ ತಮ್ಮ ಕುರ್ಚಿಯ ಹಿಂದೆ ನಿಂತಿದ್ದಾರೆ, ಕೈ ಕಟ್ಟಿಕೊಂಡು. ಪಟ್ಟಣದ ಜನ, ಬಣ್ಣ ಹಚ್ಚಿದ ಕೂದಲಿನವರು, ಕಿವಿಯಲ್ಲಿ ಓಲೆ ಹಾಕಿದ ಹುಡುಗರು. ಆದರೂ ಪ್ರಾರ್ಥನೆಗೆ ಕಾಯುತ್ತಿದ್ದಾರೆ. ಅವರ ನಡುವೆ ಲೀಆನಳ ಕಡೆಯ ಮೇಜಿಗೆ ಆರು ಕುರ್ಚಿ ಹಾಕಿ ಆರು ತಟ್ಟೆ ಇಟ್ಟಿದ್ದರು. ಅದರ ಹಿಂದೆ ಯಾರೂ ಇರಲಿಲ್ಲ. ಲೀಆನ್ ಆ ಕಡೆ ನೋಡದಂತೆ ನಿಂತಿದ್ದಳು. ನೋಡದೆ ಇರುವುದು ಹೇಗೆಂದು ಇಸಾಕನಿಗೆ ಚೆನ್ನಾಗಿ ಗೊತ್ತಿತ್ತು. ಯಾರ ತಟ್ಟೆಯೂ ಒಂಟಿ ಆಗದೆ ಇರ್ಲಿ ಎಂಬ ಕತ್ರೀನಾಳ ಕೊನೆಯ ಸಾಲು ಬಾಯಿಗೆ ಬಂತು. ಅವನು ಅದನ್ನು ನುಂಗಿದ.

ಆಗ ನಂದೀಫಾಳ ಅಜ್ಜಿ ಕೋಲೂರಿಕೊಂಡು ಹೊರಟಳು, ಮೇಜಿನ ಕಡೆಗಲ್ಲ, ಬೆಂಕಿಯ ಕಡೆಗೆ. ಹತ್ತಿರ ಬಂದು ಕುರಿಯನ್ನು ನೋಡಿ ತಲೆದೂಗಿದಳು. ಅವಳದು ಕ್ಸೋಸಾ ಭಾಷೆ. ಆದರೆ ಹುಡುಗಿಯಾಗಿದ್ದಾಗ ಇದೇ ಸೀಮೆಯ ಯಾವುದೋ ತೋಟದ ಅಡುಗೆಮನೆಯಲ್ಲಿ ದುಡಿದಿದ್ದಳಂತೆ, ಇಸಾಕನ ಆಫ್ರಿಕಾನ್ಸ್ ಅವಳ ನಾಲಿಗೆಗೆ ಇನ್ನೂ ಬರುತ್ತಿತ್ತು.

"ತಾತಾ, ನಿನ್ನ ಹೆಸರೇನು?" ಎಂದಳು. ಅವಳ ಭಾಷೆಯಲ್ಲಿ ತಾತಾ ಎಂದರೆ ಅಪ್ಪ, ಗಂಡಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ.

ಅವನು ಹೇಳಿದ.

"ಮನೇಲಿ ಯಾರಿದಾರೆ?"

"ಯಾರೂ ಇಲ್ಲಮ್ಮಾ. ಹೆಂಡತಿ ಇದ್ಲು."

ಅವಳು ಕೋಲನ್ನು ಅವನ ಕೈಗೆ ಕೊಟ್ಟು, ಎರಡೂ ಕೈ ಎತ್ತಿ ತನ್ನ ಭಾಷೆಯಲ್ಲಿ ಪ್ರಾರ್ಥಿಸತೊಡಗಿದಳು. ಉದ್ದನೆಯ ಪ್ರಾರ್ಥನೆ. ಅದರಲ್ಲಿ ಇಸಾಕನಿಗೆ ಗೊತ್ತಾದದ್ದು ಮೂರು ನಾಲ್ಕು ಸಲ ಬಂದ ಎರಡು ಹೆಸರು, ನಂದೀಫಾ, ಲೀಆನ್. ಹ್ಯಾಟು ತೆಗೆದು ಕೋಲು ಹಿಡಿದು ನಿಂತಿದ್ದ. ಕೊನೆಯಲ್ಲಿ ಅವಳು ಸ್ವಲ್ಪ ತಡೆದು ಅವನ ಭಾಷೆಗೆ ಹೊರಳಿದಳು, ಅವನಿಗೆ ತಿಳಿಯಲೆಂದು.

"ದೇವರೇ, ಇವನು ಇಸಾಕಾ. ನಮಗೋಸ್ಕರ ಬೆಳಗಿಂದ ಹೊಗೆ ಕುಡಿದಿದಾನೆ. ಇವನಿಗೆ ಊಟ ಆಯ್ತಾ ಅಂತ ಕೇಳೋರು ಇಲ್ಲ. ಇವನನ್ನ ನೀನು ಮರೀಬೇಡ."

"ಆಮೆನ್."

ಮೊದಲು ಎದ್ದದ್ದು ಇಸಾಕನ ದನಿ. ಇಪ್ಪತ್ತೊಂದು ವರ್ಷ ಬೆಂಚಿನಿಂದ ಎದ್ದ ಅದೇ ದನಿ, ತೋಟದ ಆಚೆ ಗೋಡೆಗೆ ಬಡಿದು ಬರುವಂತೆ. ಅದರ ಹಿಂದೆಯೇ ತೊಂಬತ್ತು ಜನರದು. ಅವನು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಆಗಿಹೋಗಿತ್ತು. ನಂದೀಫಾ ತಿರುಗಿ ಅವನನ್ನು ನೋಡಿದಳು. ಅಜ್ಜಿ ಕೋಲು ಇಸಿದುಕೊಂಡು, ಇನ್ನು ಕೊಯ್ಯಿ, ನನಗೆ ಪಕ್ಕೆಲುಬಿನ ಕಡೆಯದು ಎಂದಳು.

ದೀನಾ ಕೆಟ್ಟವಳಲ್ಲ. ಗಾಯಕರ ಅಭ್ಯಾಸದ ದಿನ ಅವಳು ಹೊಗಳಿಕೆಯೆಂದೇ ಅದನ್ನು ಹೇಳಿದಳು, ಇಸಾಕನ ಆಮೆನ್ನಿಗೆ ಆ ಪಟ್ಟಣದ ಹುಡುಗರ ಕಿವಿಯ ಓಲೆ ಅಲ್ಲಾಡಿತು ಎಂದು ನಗಿಸಿದಳು. ಭಾನುವಾರದ ಹೊತ್ತಿಗೆ ಆ ಮಾತಿನ ನಗು ಉದುರಿಹೋಗಿತ್ತು. ಮಂಗಳವಾರ ಸಂಜೆ ಹಿರಿಯರ ಸಭೆ ಅವನನ್ನು ಕರೆಯಿತು.

ಪಾಸ್ಟರ್ ಅಪೊಲಿಸ್ ಮೃದು ಮನುಷ್ಯ; ಕತ್ರೀನಾಳನ್ನು ಮಣ್ಣು ಮಾಡಿದವರು ಅವರೇ. ಕುರಿ ಸುಟ್ಟದ್ದಕ್ಕೆ ಯಾರ ತಕರಾರೂ ಇರಲಿಲ್ಲ. ಕಾನೂನು ಹೇಳಿತು, ಮಾಡಿದೆ, ಹೊಟ್ಟೆಪಾಡು. ಆದರೆ ಆಮೆನ್ ಹೇಳು ಎಂದು ಯಾವ ಕೋರ್ಟೂ ಹೇಳಿರಲಿಲ್ಲವಲ್ಲ ಎಂದರು ಹಿರಿಯರು. ಪಾಸ್ಟರ್ ಅವನಿಗೊಂದು ದಾರಿಯನ್ನೂ ಯೋಚಿಸಿಟ್ಟಿದ್ದರು.

"ಆ ಅಜ್ಜಿ ಮದುವೆಗೆ ಪ್ರಾರ್ಥನೆ ಮಾಡಿದ್ದು ಕ್ಸೋಸಾದಲ್ಲಿ. ನಿಮಗೆ ಕ್ಸೋಸಾ ಬರಲ್ಲ. ನಿಮಗೆ ತಿಳಿದಿದ್ದು ಕೊನೇ ಎರಡು ಮಾತು, ಅದು ನಿಮ್ಮ ಬಗ್ಗೆ. ಆಮೆನ್ ಅಂದಿದ್ದು ಅದಕ್ಕೆ ಮಾತ್ರ ಅಂತ ಹೇಳಿ, ಬ್ರದರ್ ಇಸಾಕ್. ಬರ್ಕೊಂಡು ಮುಗಿಸ್ತೀವಿ."

ಒಳ್ಳೆಯ ದಾರಿಯೇ. ಸುಳ್ಳೂ ಅಲ್ಲ. ಇಸಾಕ್ ಗೋಡೆಯ ಮೊಳೆಗೆ ತೂಗುಹಾಕಿದ್ದ ಕಪ್ಪು ಕೋಟುಗಳ ಸಾಲನ್ನು ನೋಡಿದ. ಮೂರನೆಯದು ಅವನದು, ತೋಳಿನ ಒಳಗಡೆ ಕತ್ರೀನಾ ಹಾಕಿದ ಹೊಲಿಗೆಯಿತ್ತು. ಆ ಬೆಂಚು ಹೋದರೆ ಭಾನುವಾರವೂ ಹೋಯಿತು. ಶನಿವಾರ ಆಗಲೇ ಹೋಗಿತ್ತು. ಒಪ್ಪಿಕೊಳ್ಳೋಣವೆಂದು ಬಾಯಿ ತೆರೆದ. ಹೆಸರು ಹಿಡಿದು ತನಗಾಗಿ ದೇವರನ್ನು ಕರೆದವರು ಎರಡು ವರ್ಷದಲ್ಲಿ ಯಾರಿದ್ದಾರೆ ಎಂದು ನೆನೆಯಲು ನೋಡಿದ. ಆ ಕೋಣೆಯಲ್ಲಿದ್ದ ಏಳು ಜನರಲ್ಲಿ ಒಬ್ಬರೂ ನೆನಪಿಗೆ ಬರಲಿಲ್ಲ.

"ಭಾಷೆ ತಿಳೀಲಿಲ್ಲ, ನಿಜ," ಎಂದ. "ಆದ್ರೆ ಹೆಸರು ಎರಡೂ ತಿಳೀತು ಪಾಸ್ಟರ್. ಆ ಅಜ್ಜಿ ಅವರಿಬ್ಬರನ್ನೂ ನನ್ನನ್ನೂ ಒಂದೇ ಪ್ರಾರ್ಥನೇಲಿ ಇಟ್ಲು. ನನ್ನ ಪಾಲು ಕೊಯ್ದು ಇಟ್ಕೊಂಡು ಅವರದ್ದು ವಾಪಸ್ ಕೊಡೋಕೆ ಅದೇನು ಕುರಿ ತೊಡೆಯಾ?"

"ಹಾಗಾದ್ರೆ ಆ ಮದುವೆ ಸರಿ ಅಂತೀರಾ?" ಎಂದು ಒಬ್ಬ ಹಿರಿಯ ಕೇಳಿದ.

"ಇಲ್ಲ. ಸರಿ ಅನ್ನಲ್ಲ. ಇವತ್ತಿಗೂ ಅನ್ನಲ್ಲ. ಆಮೆನ್ ಅಂದೆ, ಅದನ್ನ ಇಲ್ಲ ಅನ್ನೋಕೂ ಆಗಲ್ಲ."

ಎರಡೂ ಹೇಗೆ ಒಟ್ಟಿಗೆ ಇರುತ್ತದೆ ಎಂದು ಅವರು ಕೇಳಿದರು. ನನಗೂ ಗೊತ್ತಿಲ್ಲ ಎಂದ. ಅದು ಅವನ ಪ್ರಾಮಾಣಿಕ ಉತ್ತರವಾಗಿತ್ತು, ಸಭೆಯ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಲು ಜಾಗವಿರಲಿಲ್ಲ. ಆರು ತಿಂಗಳು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದಲ್ಲಿ ಪಾಲಿಲ್ಲ, ಹಿರಿಯತನ ಇನ್ನಿಲ್ಲ ಎಂದು ತೀರ್ಮಾನವಾಯಿತು. ಪಾಸ್ಟರ್ ಬಾಗಿಲವರೆಗೆ ಬಂದು ಅವನ ಭುಜ ಹಿಡಿದರು. ಕೋಟು ಚರ್ಚಿನದು, ಮೊಳೆಯಲ್ಲೇ ಉಳಿಯಿತು.

ಈಗ ಅವನು ಭಾನುವಾರ ಹಿಂದಿನ ಸಾಲಿನಲ್ಲಿ, ತೂಕಡಿಸುವವರ ನಡುವೆ ಕುಳಿತುಕೊಳ್ಳುತ್ತಾನೆ. ಹಿರಿಯರ ಬೆಂಚಿನ ಆಮೆನ್ ತೆಳ್ಳಗಾಗಿದೆ ಎಂದು ದೀನಾ ಹೇಳುತ್ತಾಳೆ. ತನ್ನಿಂದಾಯಿತೆಂಬ ಸಂಕಟಕ್ಕೆ ಆಗಾಗ ಒಂದು ಡಬ್ಬಿ ಬೀಟ್‌ರೂಟ್ ತಂದು ಬಾಗಿಲಲ್ಲಿಟ್ಟು ಹೋಗುತ್ತಾಳೆ, ಒಳಗೆ ಬರುವುದಿಲ್ಲ. ಮನೆಯಲ್ಲಿ ಇಸಾಕ್ ನಿಂತು ಉಣ್ಣುವುದನ್ನು ಬಿಟ್ಟಿದ್ದಾನೆ. ಮೇಜಿಗೆ ಕುಳಿತು ಕತ್ರೀನಾಳ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುತ್ತಾನೆ, ಅದನ್ನು ಹೇಳಲು ಬೇರೆ ಜಾಗ ಉಳಿದಿಲ್ಲ. ಕೊನೆಯ ಸಾಲು ಮುಗಿದ ಮೇಲೆ ಆಮೆನ್ನನ್ನೂ ತಾನೇ ಹೇಳಿ ಚಮಚ ಎತ್ತಿಕೊಳ್ಳುತ್ತಾನೆ.

ಹೋದದ್ದು ಇಪ್ಪತ್ತೊಂದು ವರ್ಷದ ಬೆಂಚು, ಮತ್ತು ಶನಿವಾರದ ನೂರು ಜನರ ಆಮೆನ್. ಉಳಿದದ್ದು ಡೋರಿಂಗ್‌ರಸ್ ತೋಟದ ಕೆಲಸ, ವರ್ಷಕ್ಕೆ ಇಪ್ಪತ್ತೆರಡು ಮದುವೆ. ಸಿಕ್ಕಿದ್ದು, ಅವನ ಹೆಸರಿದ್ದ ಒಂದು ಪ್ರಾರ್ಥನೆ.